ಹಲ್ಲಿನ ಚಿನ್ನ

"ಇದೂ ಆಗಲ್ಲಮ್ಮ," ಎನ್ನುತ್ತ ನೊನಾಕ ಬಿಳಿ ಕೈಗವಸಿನ ಎರಡು ಬೆರಳುಗಳಿಂದ ಕನ್ನಡಕವನ್ನು ಶವಪೆಟ್ಟಿಗೆಯಿಂದ ಎತ್ತಿ ತಟ್ಟೆಯಲ್ಲಿಟ್ಟ. ತಟ್ಟೆಯಲ್ಲಿ ಆಗಲೇ ಕಡಲ ಸಿಂಪಿಯ ಚಿಪ್ಪು ಬಿಡಿಸುವ ಚಾಕು, ರಬ್ಬರಿನ ಗವಸು, ಅಂಗೈಯಗಲದ ರೇಡಿಯೊ ಇದ್ದವು. ಬೆಳಿಗ್ಗೆಯಿಂದ ಚಿಗುಸಾ ಒಂದೊಂದಾಗಿ ತಾಯಿಯ ಪಕ್ಕದಲ್ಲಿಡುತ್ತಿದ್ದಳು. ಅಂತ್ಯಕ್ರಿಯೆ ಮಂದಿರದ ಈ ಮನುಷ್ಯ ಒಂದೊಂದಾಗಿ ತೆಗೆಯುತ್ತಿದ್ದ.

"ಗಾಜು ಕರಗಿ ಮೂಳೆಗೆ ಅಂಟ್ಕೊಳ್ಳತ್ತೆ. ರಬ್ಬರು ಕರೀ ಹೊಗೆ ಬಿಡತ್ತೆ. ಲೋಹ ಅಂತೂ ಬೇಡವೇ ಬೇಡ. ನಮ್ಮ ನಿಯಮ ಅಲ್ಲ ಇದು, ಸುಡೋ ಜಾಗದವರದ್ದು."

"ಕ್ಷಮಿಸಿ, ಗೊತ್ತಿರಲಿಲ್ಲ," ಎಂದು ಚಿಗುಸಾ ತಲೆ ಬಾಗಿಸಿದಳು. ಬೆಳಿಗ್ಗೆಯಿಂದ ಅವಳು ಎಲ್ಲರ ಕ್ಷಮೆ ಕೇಳುತ್ತಲೇ ಇದ್ದಳು. ಚಹಾ ಆರಿದ್ದಕ್ಕೆ, ಪುರೋಹಿತರು ಕೂರುವ ದಿಂಬು ತೆಳುವಾದದ್ದಕ್ಕೆ, ಎದುರು ಮನೆಯವರು ಕಾರು ನಿಲ್ಲಿಸಲು ಜಾಗ ಸಿಗದೆ ಸುತ್ತಿ ಬಂದದ್ದಕ್ಕೆ.

ಪೆಟ್ಟಿಗೆಯ ಕಾಲ ಬದಿಯಲ್ಲಿ ಕೂತಿದ್ದ ಹಾತ್ಸು ಅಜ್ಜಿ ತಟ್ಟೆಯತ್ತ ನೋಡಿದಳು. ನಲವತ್ತು ವರ್ಷ ಸಿಂಪಿ ಶೆಡ್ಡಿನಲ್ಲಿ ಚಿಗುಸಾಳ ತಾಯಿ ತೊಶಿಯೆಯ ಪಕ್ಕದ ಮಣೆಯಲ್ಲಿ ಕೂತು ಕೆಲಸ ಮಾಡಿದವಳು.

"ಚಾಕೂ ಇಲ್ಲ, ಗವಸೂ ಇಲ್ಲ, ಕನ್ನಡಕಾನೂ ಇಲ್ಲ. ಅಲ್ಲಿ ಹೋಗಿ ಇವಳೇನು ಮಾಡ್ಬೇಕಯ್ಯ? ಸುಮ್ನೆ ಕೂತ್ಕೊಳ್ಳೋದು ಇವಳಿಗೆ ಗೊತ್ತಿಲ್ಲ."

"ಕಾಗದದ್ದು ಏನಾದ್ರೂ ಇಡಬಹುದು ಅಜ್ಜಿ. ಹೂವು, ಇಷ್ಟದ ತಿಂಡಿ..."

"ತಿಂಡಿ! ಇವಳು ಯಾವತ್ತು ತಿಂದಳು? ಎಲ್ಲಾ ತಮ್ಮನಿಗೆ ಕಟ್ಟಿ ಇಡ್ತಿದ್ದಳು."

ಆ ತಮ್ಮ ಅದೇ ಹೊತ್ತಿಗೆ ಬಂದರು. ಬಾಗಿಲಲ್ಲಿದ್ದವರೆಲ್ಲ ಸರಿದು ಬಗ್ಗಿ ನಮಸ್ಕರಿಸಿದರು. ಇವಾವೊ ಮೇಷ್ಟ್ರು ಎಂದರೆ ಕೊಲ್ಲಿಯ ಈ ದಡದಲ್ಲಿ ಎಲ್ಲರಿಗೂ ಗೊತ್ತು. ಮುಖ್ಯೋಪಾಧ್ಯಾಯರಾಗಿ ನಿವೃತ್ತರಾದ ಮೇಲೆ ಪ್ರತಿ ಭಾನುವಾರ ಪತ್ರಿಕೆಗೆ ಅಂಕಣ ಬರೆಯುತ್ತಿದ್ದರು. ಕಪ್ಪು ಕೋಟಿನ ಒಳಜೇಬಿನಿಂದ ಕಪ್ಪು ಪೆನ್ನೊಂದನ್ನು ತೆಗೆದು, ಬಂದವರ ಪುಸ್ತಕದಲ್ಲಿ ನಿಧಾನವಾಗಿ ಹೆಸರು ಬರೆದರು. ನಿಬ್ಬಿನ ಚಿನ್ನ ಬೆಳಕಿಗೆ ಮಿನುಗಿತು.

ಪುಸ್ತಕದ ಮುಂದೆ ಕೂತಿದ್ದ ಹೆಂಗಸು ಕೇಳಿದಳು: "ಮೇಷ್ಟ್ರೇ, ಅದೇ ಪೆನ್ನಲ್ವಾ? ನಿಮ್ಮ ಅಂಕಣದಲ್ಲಿ ಬರತ್ತಲ್ಲ?"

"ಅದೇ. ಅಕ್ಕ ಕೊಟ್ಟಿದ್ದು. ಜೀವಮಾನವೆಲ್ಲ ಇದರಲ್ಲೇ ಬರೆದೆ."

"ಕೊಟ್ಟಿದ್ದಂತೆ," ಎಂದು ಹಾತ್ಸು ಅಜ್ಜಿ ಮೂಗಿನಲ್ಲೇ ಹೇಳಿದಳು. ಆಮೇಲೆ ಚಿಗುಸಾಳ ತೋಳು ಹಿಡಿದು ಹತ್ತಿರ ಎಳೆದಳು. "ನಿಮ್ಮಮ್ಮ ನಗುವಾಗ ಯಾಕೆ ಕೈ ಅಡ್ಡ ಇಟ್ಕೊಳ್ತಿದ್ದಳು, ಯಾವತ್ತಾದ್ರೂ ಕೇಳಿದ್ದೀಯೇನೇ?"

"ಹಲ್ಲು ಒಂದು ಇರಲಿಲ್ಲವಲ್ಲ."

"ಎಲ್ಲಿಗೆ ಹೋಯ್ತು ಅಂತ ಕೇಳಿದ್ಯಾ?"

ಚಿಗುಸಾ ಕೇಳಿರಲಿಲ್ಲ. ಚಿಕ್ಕಂದಿನಲ್ಲಿ ಅದನ್ನು ಅವಳು ಹೆಂಗಸರ ಮರ್ಯಾದೆ ಎಂದುಕೊಂಡಿದ್ದಳು. ನೋಡಿ ನೋಡಿ ಅವಳಿಗೂ ರೂಢಿಯಾಗಿತ್ತು. ಬಾಯಲ್ಲಿ ಎಲ್ಲ ಹಲ್ಲುಗಳಿದ್ದರೂ ನಗುವಾಗ ಕೈ ತಾನಾಗಿ ಮೇಲೇಳುತ್ತಿತ್ತು.

ಹಾತ್ಸು ಅಜ್ಜಿ ಗಲ್ಲ ಎತ್ತಿ ಮೇಷ್ಟ್ರ ಕೈಯನ್ನು ತೋರಿಸಿದಳು. "ಅಲ್ಲಿದೆ ನೋಡು."

*

ಹಲ್ಲು ಹೋದ ವರ್ಷ ತೊಶಿಯೆಗೆ ಇಪ್ಪತ್ತೆರಡು. ಹಗಲೆಲ್ಲ ಸಿಂಪಿ ಶೆಡ್ಡು, ಸಂಜೆ ದುಡಿಯುವವರ ಶಾಲೆ. ಶೆಡ್ಡಿನ ಉಪ್ಪುನೀರು ಎಷ್ಟು ತೊಳೆದರೂ ಬೆರಳ ಸಂದಿಯಿಂದ ಹೋಗುತ್ತಿರಲಿಲ್ಲ. ಅವಳ ಪೆನ್ನಿನ ಉಕ್ಕಿನ ನಿಬ್ಬುಗಳು ಒಂದರ ಹಿಂದೊಂದು ತುಕ್ಕು ಹಿಡಿದು ಕಾಗದವನ್ನು ಕೆರೆಯುತ್ತಿದ್ದವು. ಒಮ್ಮೆ ಉಪಾಧ್ಯಾಯರು ಅವಳ ಪ್ರಬಂಧವನ್ನು ಮೇಲೆತ್ತಿ, "ಇದನ್ನ ಪೆನ್ನಲ್ಲಿ ಬರೆದ್ಯೋ, ಸಿಂಪಿ ಚಾಕೂಲೋ?" ಎಂದು ಕೇಳಿದರು. ತರಗತಿ ನಕ್ಕಿತು. ತೊಶಿಯೆಯೂ ನಕ್ಕಳು. ಆಗ ಅವಳು ಬಾಯಿ ತುಂಬ ನಗುತ್ತಿದ್ದಳು. ಮೇಲಿನ ಸಾಲಿನ ಎಡಗಡೆಯಲ್ಲಿ ಚಿನ್ನದ ಹಲ್ಲು ಕಾಣಿಸುತ್ತಿತ್ತು.

ಆ ಹಲ್ಲು ಶೆಡ್ಡಿನ ಯಜಮಾನ ಕಟ್ಟಿಸಿಕೊಟ್ಟದ್ದು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಚಾಕು ಜಾರಿ, ಹಿಡಿ ಬಾಯಿಗೆ ಬಡಿದು, ಅವಳ ಹಲ್ಲು ಅರ್ಧಕ್ಕೆ ಮುರಿದಿತ್ತು. ಮದುವೆಯಾಗದ ಹುಡುಗಿಯ ಮುಖ ಕೆಟ್ಟಿತೆಂದು ಯಜಮಾನ ನಾಚಿಕೊಂಡು ಚಿನ್ನದ ಟೋಪಿ ಹಾಕಿಸಿದ್ದ. ಅವಳದೆಂದು ಇದ್ದ ಚಿನ್ನ ಅದೊಂದೇ.

ಬಂದರು ರಸ್ತೆಯ ಪೆನ್ನಿನಂಗಡಿಗೆ ಅವಳು ಹಾತ್ಸುವನ್ನು ಕರೆದುಕೊಂಡು ಹೋದಳು. ಅಂಗಡಿಯ ಮುದುಕ ತುಕ್ಕು ಹಿಡಿದ ನಿಬ್ಬನ್ನು ಉಗುರಿನ ಮೇಲೆ ಎಳೆದು ನೋಡಿದ.

"ಉಪ್ಪಿನ ಕೈಗೆ ಉಕ್ಕು ನಿಲ್ಲಲ್ಲಮ್ಮ. ಚಿನ್ನದ್ದೇ ಆಗ್ಬೇಕು. ಆದ್ರೆ ಚಿನ್ನ ನೀನು ತರ್ಬೇಕು, ನನ್ನ ಹತ್ರ ಇಲ್ಲ."

ತೊಶಿಯೆ ತುಟಿ ಎತ್ತಿ ತೋರಿಸಿದಳು. "ಇದು ಆಗತ್ತಾ?"

ಮುದುಕ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದ. "ಆಗತ್ತೆ. ಬಾಯಲ್ಲಿದ್ರೆ ಆಗಲ್ಲ."

ಹಾತ್ಸು ಅವಳನ್ನು ಅಂಗಡಿಯ ಹೊರಗೆ ಎಳೆದು ತಂದಳು. "ತಲೆ ಕೆಟ್ಟಿದ್ಯೇನೇ? ಹಲ್ಲಿಲ್ಲದ ಹುಡುಗೀನ ಯಾರು ಮದುವೆ ಆಗ್ತಾರೆ?"

"ಬಾಯಿ ಮುಚ್ಕೊಂಡಿದ್ರೆ ಆಗ್ತಾರೆ. ಗಂಡಸರಿಗೆ ಅಂಥವರೇ ಬೇಕು."

ದಂತವೈದ್ಯರು ಟೋಪಿಯನ್ನು ಎಳೆದಾಗ ಒಳಗಿನ ಮೋಟು ಹಲ್ಲೂ ಅದರ ಜೊತೆಗೇ ಬಂತು. ಹಾತ್ಸು ಅವಳ ಕೈ ಹಿಡಿದುಕೊಂಡು ಕೂತಿದ್ದಳು. ಹಾತ್ಸುವಿನ ಅಂಗೈಯಲ್ಲಿ ತೊಶಿಯೆಯ ಉಗುರಿನ ಗುರುತು ಎರಡು ದಿನ ಉಳಿದಿತ್ತು.

ಮುದುಕ ಚಿನ್ನಕ್ಕೆ ಸ್ವಲ್ಪ ಬೆಳ್ಳಿ, ಸ್ವಲ್ಪ ತಾಮ್ರ ಬೆರೆಸಿ ಕರಗಿಸಿದ, ಬಡಿದು ತಗಡು ಮಾಡಿದ, ನಿಬ್ಬಿನ ಆಕಾರಕ್ಕೆ ಕತ್ತರಿಸಿ ನಡುವೆ ಸೀಳು ಕೊಟ್ಟ, ತುದಿಗೆ ಸಾಸಿವೆಗಿಂತ ಚಿಕ್ಕದಾದ ಗಟ್ಟಿ ಲೋಹದ ಚುಕ್ಕೆ ಬೆಸೆದ. ಮಿಕ್ಕ ಚಿನ್ನವೇ ಅವನ ಕೂಲಿ. ಕೊನೆಗೆ ಅವಳನ್ನು ಎದುರಿಗೆ ಕೂರಿಸಿ ಬರೆಸಿದ. ಅವಳು ಪೆನ್ನನ್ನು ಹೇಗೆ ವಾಲಿಸುತ್ತಾಳೆ, ಎಷ್ಟು ಒತ್ತುತ್ತಾಳೆ ನೋಡಿಕೊಂಡು ತುದಿಯನ್ನು ಕಲ್ಲಿನ ಮೇಲೆ ಮತ್ತೆ ಮತ್ತೆ ಉಜ್ಜಿದ.

ತೊಶಿಯೆ ತನ್ನ ಹೆಸರು ಬರೆದಳು. ಸದ್ದೇ ಆಗಲಿಲ್ಲ. ಬರೆಯಿತೋ ಇಲ್ಲವೋ ಎಂದು ಬಗ್ಗಿ ನೋಡಿದಳು. ಹೆಸರು ಅಲ್ಲಿತ್ತು.

"ಇನ್ನು ಇದು ನಿನ್ನ ಕೈ," ಎಂದ ಮುದುಕ. "ಯಾರಿಗೂ ಕೊಡಬೇಡ. ಬೇರೆಯವರು ಬರೀತಾ ಹೋದ್ರೆ ಅವರ ಕೈಗೆ ತಿರುಗಿಬಿಡತ್ತೆ. ಆಮೇಲೆ ನಿನಗೇ ಒಗ್ಗಲ್ಲ."

*

ಮಂತ್ರ ಶುರುವಾಗಲು ಇನ್ನೂ ಹೊತ್ತಿತ್ತು. ಪಕ್ಕದ ಕೋಣೆಯಲ್ಲಿ ಇವಾವೊ ಮೇಷ್ಟ್ರು ಒಬ್ಬರೇ ಕೂತು ತಮ್ಮ ಭಾಷಣದ ಹಾಳೆಯನ್ನು ತಿದ್ದುತ್ತಿದ್ದರು. ಚಿಗುಸಾ ಚಹಾ ತಂದಿಟ್ಟು ಎದುರಿಗೆ ಮಂಡಿಯೂರಿ ಕೂತಳು. ಹೇಗೆ ಶುರು ಮಾಡಬೇಕೆಂದು ತೋಚಲಿಲ್ಲ. ಅವಳ ತಂದೆ ಸಮುದ್ರಕ್ಕೆ ಹೋದವನು ಮರಳಿರಲಿಲ್ಲ. ಅವಳ ಮದುವೆಯಲ್ಲಿ ತಂದೆಯ ಜಾಗದಲ್ಲಿ ನಿಂತವರು ಈ ಮಾಮ. ಇವರಿಗೆ ಅವಳು ಯಾವತ್ತೂ ಎದುರಾಡಿರಲಿಲ್ಲ.

"ಮಾಮ, ಒಂದು ಕೇಳ್ಬೇಕಿತ್ತು. ತಪ್ಪಾದ್ರೆ ಬೈಬೇಡಿ."

"ಹೇಳಮ್ಮ."

"ಆ ಪೆನ್ನು... ಅಮ್ಮನ ಜೊತೆ ಕಳಿಸೋಣವಾ?"

ಮೇಷ್ಟ್ರು ಪೆನ್ನಿನ ಟೊಪ್ಪಿಗೆ ಹಾಕಿ, ತಿರುಗಿಸಿ ಬಿಗಿ ಮಾಡಿದರು. "ಇದು ಅಕ್ಕನ ನೆನಪಿಗೆ ಅಂತ ನನ್ನ ಹತ್ರ ಇರೋದು ಒಂದೇ ಒಂದು. ಸುಟ್ಟುಬಿಟ್ಟರೆ ನನಗೇನು ಉಳೀತು ಹೇಳು?"

"ಅದು ಅಮ್ಮನ ಹಲ್ಲಂತೆ."

"ಯಾರು ಹೇಳಿದ್ದು? ಹಾತ್ಸುವಾ?" ಅವರು ನಕ್ಕರು. "ಆ ಮುದುಕಿ ಶೆಡ್ಡಿನಲ್ಲಿ ಹೇಳದೆ ಇರೋ ಕತೆ ಯಾವುದಿದೆ?"

"ಸುಳ್ಳಾ ಮಾಮ?"

ಮೇಷ್ಟ್ರು ಚಹಾ ಕುಡಿದರು. "ಅಕ್ಕ ತಾನಾಗಿ ಕೊಟ್ಟಳು. ಅವಳಿಗೆ ಅದರಲ್ಲಿ ಸಂತೋಷ ಇತ್ತು. ನಿನಗೆ ಗೊತ್ತಿಲ್ಲ, ಆ ಕಾಲ ಬೇರೆ. ಅದೂ ಅಲ್ಲದೆ ಪೆಟ್ಟಿಗೆಯೊಳಗೆ ಲೋಹ ಹಾಕೋ ಹಾಗಿಲ್ಲ. ಅವರನ್ನೇ ಕೇಳು."

"ಸರಿ ಮಾಮ. ಕ್ಷಮಿಸಿ," ಎಂದು ಚಿಗುಸಾ ಎದ್ದಳು. ಬಾಗಿಲು ಎಳೆಯುವಾಗ ಅವಳಿಗೆ ತನ್ನ ಮದುವೆಯ ದಿನ ನೆನಪಾಯಿತು. ಹೆಸರು ಬರೆಯುವ ಪುಸ್ತಕದ ಮುಂದೆ ಮಾಮ ಈ ಪೆನ್ನನ್ನೇ ಅಮ್ಮನ ಕೈಗೆ ಕೊಟ್ಟಿದ್ದರು. ಅಮ್ಮ ಬರೆಯತೊಡಗಿದಾಗ ನಿಬ್ಬು ಕರ್ರೆಂದು ಕೆರೆದು, ಎರಡನೆಯ ಅಕ್ಷರದಲ್ಲಿ ಶಾಯಿ ನಿಂತೇಹೋಗಿತ್ತು. ಅಮ್ಮ ಬೇರೆ ಕೋನದಲ್ಲಿ ಹಿಡಿದು ನೋಡಿದ್ದಳು, ಆಗಲಿಲ್ಲ. "ಹೀಗಲ್ಲಕ್ಕ, ಬಲಕ್ಕೆ ವಾಲಿಸ್ಬೇಕು," ಎಂದು ಮಾಮ ಎಲ್ಲರೆದುರು ಅವಳ ಕೈ ಹಿಡಿದು ತಿದ್ದಿದ್ದರು. ಅಮ್ಮ ಪೆನ್ನನ್ನು ಕೆಳಗಿಟ್ಟು, ಬಾಯಿಗೆ ಕೈ ಅಡ್ಡ ಹಿಡಿದಿದ್ದಳು. ನಗುತ್ತಿದ್ದಾಳೆಂದು ಚಿಗುಸಾ ಅಂದುಕೊಂಡಿದ್ದಳು.

*

ಇವಾವೊ ಶಿಕ್ಷಕರ ಕಾಲೇಜಿನ ಪ್ರವೇಶ ಪರೀಕ್ಷೆಗೆ ಹೊರಟದ್ದು ನಿಬ್ಬು ಮಾಡಿಸಿದ ಮುಂದಿನ ಚಳಿಗಾಲ.

"ಎರಡೇ ದಿನ ಕೊಡು, ಅಕ್ಕ. ನನ್ನ ಪೆನ್ನು ನಡುವೆ ನಡುವೆ ನಿಂತುಬಿಡತ್ತೆ."

ತೊಶಿಯೆಗೆ ಮುದುಕನ ಮಾತು ನೆನಪಿತ್ತು. ಎರಡು ದಿನದಲ್ಲಿ ಯಾವ ನಿಬ್ಬೂ ತಿರುಗುವುದಿಲ್ಲ ಎಂದು ಅವಳು ಲೆಕ್ಕ ಹಾಕಿದಳು. ಪೆನ್ನನ್ನು ಬೆಚ್ಚಗಿನ ನೀರಲ್ಲಿ ತೊಳೆದು, ಹೊಸ ಶಾಯಿ ತುಂಬಿ, ಬಟ್ಟೆಯಲ್ಲಿ ಸುತ್ತಿ ಕೊಟ್ಟಳು. ಇವಾವೊ ಉತ್ತೀರ್ಣನಾದ. ಪೆನ್ನು ಅವನ ಜೇಬಿನಲ್ಲೇ ಪಟ್ಟಣಕ್ಕೆ ಹೋಯಿತು.

ಅದೇ ವರ್ಷ ತಂದೆಯ ಸೊಂಟ ಬಿತ್ತು. ಶೆಡ್ಡಿನಲ್ಲಿ ಎರಡು ಪಾಳಿ ಕೂರುವವರು ಮನೆಯಲ್ಲಿ ಒಬ್ಬರೇ ಇದ್ದರು. ತೊಶಿಯೆ ಸಂಜೆಯ ಶಾಲೆಯನ್ನು ಮೂರನೆಯ ವರ್ಷದ ನಡುವೆ ಬಿಟ್ಟಳು. ಹೊಸ ವರ್ಷಕ್ಕೆ ಇವಾವೊ ಮನೆಗೆ ಬಂದಾಗ, ಅಕ್ಕಿ ಕಡುಬು ಬೇಯಿಸುತ್ತಿದ್ದ ಒಲೆಯ ಮುಂದೆ ಅವಳು ಕೇಳಿದಳು.

"ಇವಾವೊ, ನನ್ನ ಪೆನ್ನು ತಂದ್ಯಾ?"

"ನೀನು ಶಾಲೆ ಬಿಟ್ಟೆಯಲ್ಲಕ್ಕ?" ಅವನ ದನಿಯಲ್ಲಿ ಕೆಡುಕಿರಲಿಲ್ಲ, ನಿಜವಾದ ಆಶ್ಚರ್ಯವಿತ್ತು. "ಸಿಂಪಿ ತೂಕ ಬರೆಯೋಕೆ ಪೆನ್ಸಿಲ್ ಸಾಕಾಗಲ್ವಾ?"

"ಬಿಡೇ," ಎಂದಳು ಅವರ ತಾಯಿ, ಉರಿ ಊದುತ್ತ. "ಅವನು ಮೇಷ್ಟ್ರಾಗೋನು. ನಿನ್ನ ಕೈಯಲ್ಲಿದ್ರೆ ಅದಕ್ಕೆ ಮೀನಿನ ವಾಸನೆ ಹಿಡಿಯತ್ತೆ."

ತೊಶಿಯೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಮತ್ತೆ ಯಾವತ್ತೂ ಕೇಳಲಿಲ್ಲ.

*

ಧೂಪ ಹಾಕುವ ಸಾಲು ಮುಗಿಯಿತು. ಇವಾವೊ ಮೇಷ್ಟ್ರು ಫೋಟೊದ ಮುಂದೆ ನಿಂತು ಹಾಳೆ ಬಿಡಿಸಿದರು. ಫೋಟೊದಲ್ಲಿ ತೊಶಿಯೆ ತುಟಿ ಬಿಗಿದು ಕೂತಿದ್ದಳು.

"ನನ್ನ ಅಕ್ಕನಿಗೆ ಅಕ್ಷರದ ಗಂಧವಿರಲಿಲ್ಲ," ಎಂದು ಅವರು ಓದಿದರು. ದನಿ ಹಿತವಾಗಿತ್ತು. "ಆದರೆ ಅಕ್ಷರದ ಬೆಲೆ ಅವಳಿಗೆ ಗೊತ್ತಿತ್ತು. ಓದಿನ ಹಾದಿಯಲ್ಲಿ ಹೊರಟ ತಮ್ಮನಿಗೆ ಅವಳು ಈ ಚಿನ್ನದ ನಿಬ್ಬಿನ ಪೆನ್ನನ್ನು ಕೊಟ್ಟಳು. ಸಿಂಪಿ ಬಿಡಿಸಿ ಒಡೆದ ಕೈಗಳಿಂದ ಕೊಟ್ಟಳು..."

ಯಾರೋ ಮೂಗು ಒರೆಸಿಕೊಂಡರು. ಹಾತ್ಸು ಅಜ್ಜಿ ಚಿಗುಸಾಳ ಕಿವಿಯ ಹತ್ತಿರ ಬಾಯಿ ತಂದಳು. "ಗಂಧ ಇರಲಿಲ್ಲವಂತೆ. ನನ್ನ ಹೆಸರು ಬರೆಯೋದು ಕಲಿಸಿದ್ದು ಯಾರು ಹಾಗಾದ್ರೆ, ಬೆಕ್ಕಾ?"

ಚಿಗುಸಾಳ ಕಣ್ಣು ಮಾಮನ ಕೈಯಲ್ಲಿದ್ದ ಹಾಳೆಯ ಮೇಲಿತ್ತು. ಅಕ್ಷರದ ಗಂಧವಿರಲಿಲ್ಲ. ಇದು ಭಾನುವಾರ ಪತ್ರಿಕೆಯಲ್ಲಿ ಬರುತ್ತದೆ. ಬಂದ ಮೇಲೆ ಅದೇ ನಿಜವಾಗುತ್ತದೆ.

ಮನೆಯವರ ಪರವಾಗಿ ಕೃತಜ್ಞತೆ ಹೇಳುವ ಸರದಿ ಅವಳದು. ಮಂದಿರದವರು ಅಚ್ಚು ಹಾಕಿಸಿ ಕೊಟ್ಟ ನಾಲ್ಕು ಸಾಲುಗಳನ್ನು ತಪ್ಪಿಲ್ಲದೆ ಓದಿದಳು. ಅಲ್ಲಿಗೆ ಬಗ್ಗಿ ನಮಸ್ಕರಿಸಿ ಕೂರಬೇಕಿತ್ತು. ಅವಳು ಕೂರಲಿಲ್ಲ.

"ಇನ್ನೊಂದು ಮಾತು. ಅಮ್ಮನ ಪೆನ್ನನ್ನ ಇವತ್ತು ಅಮ್ಮನ ಜೊತೆಗೇ ಕಳಿಸ್ತೀನಿ ಅಂತ ಮಾಮ ಹೇಳಿದ್ದಾರೆ. ಇಷ್ಟು ವರ್ಷ ಜೋಪಾನ ಮಾಡಿ, ವಾಪಸ್ ಕೊಡ್ತಿದ್ದಾರೆ. ಮಾಮನಿಗೆ... ಮಾಮನಿಗೆ ನಮಸ್ಕಾರ."

ದನಿ ನಡುಗಿತು. ದುಃಖವೆಂದು ಜನ ತಿಳಿದರು. ತನ್ನ ಬದುಕಿನಲ್ಲಿ ಇಷ್ಟು ಜನರೆದುರು ಅವಳು ಹೇಳಿದ ಮೊದಲ ಸುಳ್ಳು ಅದು. ಹೇಳಿ ಮುಗಿದ ಕೂಡಲೇ ಹಿಂದಕ್ಕೆ ತೆಗೆದುಕೊಳ್ಳಬೇಕೆನಿಸಿತು.

ಅಷ್ಟರಲ್ಲಿ ಸಭೆಯಲ್ಲಿ ಗುಜುಗುಜು ಎದ್ದಿತ್ತು. "ಮೇಷ್ಟ್ರು ಅಂದ್ರೆ ಮೇಷ್ಟ್ರು ನೋಡಿ," ಎಂದರು ಹಿಂದಿನ ಸಾಲಿನವರು. ಪುಸ್ತಕದ ಹೆಂಗಸು ಕರವಸ್ತ್ರ ಕಣ್ಣಿಗೊತ್ತಿಕೊಂಡು ಅತ್ತೇಬಿಟ್ಟಳು. ಇವಾವೊ ಮೇಷ್ಟ್ರ ಮುಖದಲ್ಲಿ ಫೋಟೊಗೆಂದು ಇಟ್ಟುಕೊಳ್ಳುವ ನಗು ಬಂದು ನಿಂತಿತು. ಅವರ ಕೈ ಒಳಜೇಬಿಗೆ ಹೋಗಿ, ಅಲ್ಲೇ ಸ್ವಲ್ಪ ಹೊತ್ತು ಇತ್ತು.

ಪೆಟ್ಟಿಗೆಯ ಮುಚ್ಚಳ ತೆರೆದು ಎಲ್ಲರೂ ಹೂವಿಡತೊಡಗಿದಾಗ ನೊನಾಕ ಮೇಷ್ಟ್ರ ಪಕ್ಕಕ್ಕೆ ಬಂದು ಮೆಲ್ಲಗೆ ಹೇಳಿದ: "ಸಾರ್, ಅದರಲ್ಲಿ ಲೋಹ ಇದೆಯಲ್ಲ..."

"ಹೌದೌದು," ಎಂದರು ಮೇಷ್ಟ್ರು ಬೇಗನೆ, ಸುತ್ತಲಿದ್ದವರಿಗೂ ಕೇಳುವಂತೆ. "ನಿಯಮ ಅಂದ್ರೆ ನಿಯಮ. ನಿಬ್ಬು ತೆಗೆದುಬಿಡೋಣ. ಪೆನ್ನು ಅಕ್ಕನ ಜೊತೆ ಹೋಗ್ಲಿ." ಅವರು ಕರವಸ್ತ್ರದಿಂದ ಹಿಡಿದು ನಿಬ್ಬನ್ನು ಎಳೆದರು. ನುರಿತ ಕೈ. ಅದು ಸಲೀಸಾಗಿ ಬಂತು. ಬಿಳಿ ಬಟ್ಟೆಯ ಮೇಲೆ ನೀಲಿ ಶಾಯಿ ಹರಡಿತು. ನಿಬ್ಬನ್ನು ಕರವಸ್ತ್ರದಲ್ಲಿ ಮಡಿಸಿ ಜೇಬಿನತ್ತ ಕೈ ಒಯ್ದರು.

"ನೊನಾಕ ಅವರೇ," ಎಂದಳು ಚಿಗುಸಾ. ದನಿ ಅವಳದೇ ಎಂದು ಅವಳಿಗೆ ಅನ್ನಿಸಲಿಲ್ಲ. "ಚಿನ್ನದ ಹಲ್ಲು ಕಟ್ಟಿಸ್ಕೊಂಡವರು ತೀರ್ಕೊಂಡ್ರೆ ಏನು ಮಾಡ್ತೀರಿ? ಕಿತ್ತು ತೆಗೀತೀರಾ?"

"ಛೆ, ಎಲ್ಲಾದ್ರೂ ಉಂಟಾ! ಅದು ದೇಹಕ್ಕೆ ಸೇರಿದ್ದಮ್ಮ."

"ಮಾಮನ ಕೈಯಲ್ಲಿರೋದು ಅಮ್ಮನ ಹಲ್ಲು."

ಹೂ ಹಿಡಿದ ಕೈಗಳು ನಿಂತವು.

"ಮೇಲಿನ ಸಾಲು, ಎಡಗಡೆ," ಎಂದಳು ಹಾತ್ಸು ಅಜ್ಜಿ. "ಕೀಳಿಸುವಾಗ ನಾನೇ ಪಕ್ಕದಲ್ಲಿದ್ದೆ. ನಂಬಿಕೆ ಬರದಿದ್ರೆ ಬಾಯಿ ಬಿಡಿಸಿ ನೋಡಿ, ಜಾಗ ಹಾಗೇ ಇದೆ. ಇವಾವೊ, ನೀನೇ ಹೇಳಪ್ಪ, ಹೌದೋ ಅಲ್ವೋ?"

ಇವಾವೊ ಮೇಷ್ಟ್ರು ಕರವಸ್ತ್ರವನ್ನು ಇನ್ನೊಂದು ಮಡಿಕೆ ಮಡಿಸಿದರು.

ನೊನಾಕ ಒಮ್ಮೆ ಮೇಷ್ಟ್ರನ್ನು, ಒಮ್ಮೆ ಚಿಗುಸಾಳನ್ನು ನೋಡಿದ. ಆಮೇಲೆ ತಟ್ಟೆಯನ್ನು ಮೇಷ್ಟ್ರ ಮುಂದೆ ಹಿಡಿದ. "ಹಾಗಿದ್ರೆ ಸಾರ್, ನಿಬ್ಬು ಒಳಗೆ ಹೋಗಬಹುದು. ಈ ಪೆನ್ನಿನ ಕೊಳವೆ ಬೇಡ. ಇದು ಗಟ್ಟಿ ಮಾಡಿದ ರಬ್ಬರು."

ಕಪ್ಪು ಕೊಳವೆ ತಟ್ಟೆಯಲ್ಲಿ ಗವಸಿನ ಪಕ್ಕ ಉರುಳಿತು. ಚಿಗುಸಾ ಕರವಸ್ತ್ರವನ್ನು ಬಿಡಿಸಿ ನಿಬ್ಬನ್ನು ತೆಗೆದುಕೊಂಡಳು. ಮಾಮನ ಬೆರಳುಗಳು ಬಿಗಿಯಾಗಿದ್ದವು. ಒಂದು ಕ್ಷಣ ಇಬ್ಬರೂ ಬಟ್ಟೆಯನ್ನು ಎಳೆದಂತಾಯಿತು.

"ಕೈಯಲ್ಲಿಡಬೇಡ, ಬಾಯಲ್ಲಿಡೇ," ಎಂದಳು ಹಾತ್ಸು ಅಜ್ಜಿ.

ತುಟಿ ತಣ್ಣಗೆ ಗಟ್ಟಿಯಾಗಿತ್ತು. ಚಿಗುಸಾ ಎಡಗಡೆಯ ಸಂದಿಯಲ್ಲಿ ನಿಬ್ಬನ್ನು ಸೇರಿಸಿದಳು. ತುಟಿಯ ಅಂಚಿಗೆ ಶಾಯಿ ತಾಗಿತು. ಒರೆಸಲು ಹೋಗಿ ಬಿಟ್ಟಳು. ಗೆದ್ದೆ ಎನ್ನಿಸಲಿಲ್ಲ. ಅಮ್ಮ ಇದನ್ನು ಕೇಳಿರಲಿಲ್ಲ. ಅಮ್ಮ ಏನನ್ನೂ ಕೇಳುತ್ತಿರಲಿಲ್ಲ. ತಾನು ಕೇಳಿದ್ದು ಅಮ್ಮನಿಗಾಗಿಯೋ, ಆ ಭಾನುವಾರದ ಅಂಕಣ ತಡೆಯಲೋ, ಅವಳಿಗೆ ತಿಳಿಯಲಿಲ್ಲ.

ವಾಡಿಕೆಯಂತೆ ಮುಚ್ಚಳಕ್ಕೆ ಕಲ್ಲಿನಿಂದ ಮೊಳೆ ಹೊಡೆದರು. "ಈ ಮೊಳೆ ಮಾತ್ರ ಲೋಹ ಅಲ್ವೇನಯ್ಯ?" ಎಂದು ಹಾತ್ಸು ಅಜ್ಜಿ ಕೇಳಿದಳು. ನೊನಾಕ ಕೇಳಿಸದವನಂತೆ ತಲೆ ಬಾಗಿಸಿದ.

*

ಸುಡುವ ಜಾಗದ ಮೇಲಂತಸ್ತಿನಲ್ಲಿ ಕಾಯುವವರಿಗೆ ಊಟದ ಡಬ್ಬಿ ಕೊಟ್ಟರು. ಜನ ಮೊದಲು ಮೆಲ್ಲಗೆ, ಆಮೇಲೆ ಮಾಮೂಲಿನಂತೆ ಮಾತಾಡಿದರು. ಈ ಸಲದ ಸಿಂಪಿ ಸಣ್ಣದು, ಸಮುದ್ರ ಬಿಸಿಯಾಗಿದೆ, ಶೆಡ್ಡಿಗೆ ಈಗ ಬರುವವರೆಲ್ಲ ಹೊರದೇಶದ ಹುಡುಗಿಯರು. ಹಾತ್ಸು ಅಜ್ಜಿ ತನ್ನ ಡಬ್ಬಿ ಮುಗಿಸಿ, ತೊಶಿಯೆಯ ಪಾಲು ಎಂದು ಇನ್ನೊಂದನ್ನು ತೆರೆದಳು. ಇವಾವೊ ಮೇಷ್ಟ್ರು ಏನೂ ಮುಟ್ಟಲಿಲ್ಲ. ಚಹಾ ತಂದ ಅಲ್ಲಿನ ನೌಕರನನ್ನು ನಿಲ್ಲಿಸಿ ಕೇಳಿದರು:

"ಅಲ್ಲಪ್ಪ, ಈ ಚಿನ್ನ... ಕರಗಿಹೋಗತ್ತಾ?"

"ಒಂದೊಂದು ಸಲ ಸಣ್ಣ ಮಣಿ ಹಾಗೆ ಉಳಿಯತ್ತೆ ಸಾರ್. ಬೂದಿಯಲ್ಲಿ ಕಾಣೋದು ಕಷ್ಟ."

ಹೊತ್ತಾದ ಮೇಲೆ ಎಲ್ಲರನ್ನೂ ಕೆಳಗೆ ಕರೆದರು. ಉದ್ದನೆಯ ತಟ್ಟೆಯನ್ನು ಹೊರಗೆಳೆದಿದ್ದರು. ಅದರ ಕಾವು ಬಾಗಿಲಿನವರೆಗೂ ಬರುತ್ತಿತ್ತು. ಬಿಳಿಯ ಮೂಳೆಗಳು ಮಲಗಿದ ಕ್ರಮದಲ್ಲೇ ಇದ್ದವು. ನೌಕರ ಅಯಸ್ಕಾಂತ ಆಡಿಸಿ ಪೆಟ್ಟಿಗೆಯ ಮೊಳೆಗಳನ್ನು ತೆಗೆದ. ಎಲ್ಲರ ಕೈಗೂ ಒಂದು ಬಿದಿರಿನದು, ಒಂದು ಮರದ್ದು, ಹೀಗೆ ಮೂಳೆ ಎತ್ತಲು ಜೋಡಿಯಲ್ಲದ ಕಡ್ಡಿಗಳನ್ನು ಕೊಟ್ಟ.

"ಇಬ್ಬಿಬ್ಬರಾಗಿ ಬನ್ನಿ. ಕಾಲಿನಿಂದ ಶುರು ಮಾಡಿ, ಮೇಲಕ್ಕೆ ಹೋಗೋಣ."

ಮೊದಲ ಜೋಡಿ ಚಿಗುಸಾ ಮತ್ತು ಮಾಮ. ಒಂದೇ ಮೂಳೆಯನ್ನು ಇಬ್ಬರೂ ಕೂಡಿ ಎತ್ತಬೇಕು. ಅವಳು ಪಾದದ ತುಂಡನ್ನು ಹಿಡಿದಳು; ಅವರೂ ಹಿಡಿದರು. ಆದರೆ ಅವರ ಕಣ್ಣು ತಟ್ಟೆಯ ಆ ತುದಿಯಲ್ಲಿತ್ತು, ದವಡೆಯ ಹತ್ತಿರ. ತುಂಡು ಜಾರಿತು. "ಮಾಮ, ಈ ಕಡೆ," ಎಂದಳು ಚಿಗುಸಾ. ಎರಡನೆಯ ಸಲ ಎತ್ತಿ ಮಡಕೆಗೆ ಹಾಕಿದರು.

ಕೊಲ್ಲಿಯ ಈ ದಡದಲ್ಲಿ ಮಡಕೆ ಚಿಕ್ಕದು. ಎಲ್ಲ ಮೂಳೆಯೂ ಹಿಡಿಸುವುದಿಲ್ಲ, ಹಿಡಿಸಬೇಕೆಂದೂ ಇಲ್ಲ. ಕಾಲು, ಪಕ್ಕೆ, ತೋಳು, ತಲೆಯ ಒಂದೊಂದು ಚೂರು, ಕೊನೆಗೆ ಗಂಟಲ ಮೂಳೆ. ನೌಕರ ಅದನ್ನು ಎರಡೂ ಕೈಯಲ್ಲಿ ತೋರಿಸಿ, ಮೇಲಿಟ್ಟು, ಮುಚ್ಚಳ ಹಾಕಿ, ಬಿಳಿ ಬಟ್ಟೆಯಲ್ಲಿ ಕಟ್ಟಿದ. "ಮಿಕ್ಕಿದ್ದನ್ನ ನಾವು ನೋಡ್ಕೋತೀವಿ," ಎಂದು ಬಗ್ಗಿ ನಮಸ್ಕರಿಸಿದ.

ಚಿಗುಸಾ ಮಡಕೆಯನ್ನು ಹೊಟ್ಟೆಗೆ ಅವುಚಿಕೊಂಡಳು. ಬಟ್ಟೆಯ ಮೂಲಕವೂ ಬೆಚ್ಚಗಿತ್ತು. ಜನ ಒಬ್ಬೊಬ್ಬರಾಗಿ ಹೊರಟರು. ಹಾತ್ಸು ಅಜ್ಜಿ ಅವಳ ತೋಳು ಹಿಡಿದು ಬಾಗಿಲವರೆಗೆ ಬಂದು ನಿಂತಳು.

"ಸಾರ್, ಮುಗೀತು," ಎಂದ ನೌಕರ ಹಿಂದೆ.

"ಒಂದು ನಿಮಿಷ."

ಚಿಗುಸಾ ತಿರುಗಿದಳು. ಇವಾವೊ ಮೇಷ್ಟ್ರು ತಟ್ಟೆಯ ತಲೆಬದಿಯಲ್ಲಿ ಒಬ್ಬರೇ ನಿಂತಿದ್ದರು. ಕೋಟಿನ ತೋಳನ್ನು ಮೇಲೆ ಸರಿಸಿಕೊಂಡು, ಬೂದಿಗೆ ಮುಖ ತಾಗುವಷ್ಟು ಬಗ್ಗಿ, ಕಡ್ಡಿಗಳಿಂದ ಮೆಲ್ಲಮೆಲ್ಲಗೆ ಕೆದಕುತ್ತಿದ್ದರು. ಏನನ್ನೋ ಹಿಡಿದರು. ಎತ್ತಿ ದೀಪಕ್ಕೆ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿದರು.

ಮೂಳೆ.

ಅದನ್ನು ಪಕ್ಕಕ್ಕೆ ಹಾಕಿ, ಮತ್ತೆ ಬಗ್ಗಿದರು.